ಬಹುದು, ತಕ್ಕದ್ದು

ಆ ಮನುಷ್ಯ ಮತ್ತೆ ಪಕ್ಕಕ್ಕೆ ಸರಿದ. ಹಿಂದಿದ್ದ ಕಾಲೇಜು ಹುಡುಗರ ಗುಂಪಿಗೆ ತನ್ನ ಜಾಗ ಬಿಟ್ಟುಕೊಟ್ಟು, ನೀವು ಹೋಗಿ, ನಮಗೇನೂ ಅವಸರವಿಲ್ಲ ಅಂದ. ಹೆಗಲ ಮೇಲಿದ್ದ ಮಗಳು ಅವನ ಕೂದಲನ್ನೇ ಲಗಾಮು ಮಾಡಿಕೊಂಡು ಕುದುರೆ ಓಡಿಸುತ್ತಿದ್ದಳು. ನೆತ್ತಿಯ ಮೇಲೆ ಬಿಸಿಲು ಕಾಯುತ್ತಿತ್ತು.

ಅವನ ಬೆನ್ನಿಗೇ ನಿಂತಿದ್ದ ಅರ್ಜಿಯಮ್ಮನಿಗೆ ಮೈಯೆಲ್ಲ ಉರಿಯಿತು.

ಅರ್ಜಿಯಮ್ಮ ಅನ್ನುವುದು ಅವರ ಗಂಡ ಇಟ್ಟ ಹೆಸರು. ನಿವೃತ್ತರಾದ ಮೇಲೆ ಬೇರೆಯವರು ನಾಯಿಯನ್ನೋ ಬೆಕ್ಕನ್ನೋ ಸಾಕಿದರೆ ಈಕೆ ದೂರುಗಳನ್ನು ಸಾಕಿದ್ದರು. ಈ ಆಟದ ಪಾರ್ಕಿನಲ್ಲಿ ಸಾಲಿನ ಪಕ್ಕಕ್ಕಿದ್ದ ಬಾಗಿಲು ಅವರ ಜೀವಮಾನದ ಸಾಧನೆ. ಎಳೆಯ ಮಕ್ಕಳನ್ನು ಕರೆತಂದವರು ಸಾಲಿನಲ್ಲಿ ಬೇಯುವುದು ಅನ್ಯಾಯ ಎಂದು ಬರೆದೂ ಬರೆದೂ ಆಡಳಿತದವರ ತಲೆ ತಿಂದಿದ್ದರು. ಮೊದಲು ಬಂದ ಫಲಕದಲ್ಲಿ, ಅಂಥವರು ಪಕ್ಕದ ಬಾಗಿಲಿನಿಂದ 'ಹೋಗಬಹುದು' ಎಂದಿತ್ತು. ಅರ್ಜಿಯಮ್ಮ ಅದನ್ನು ಒಪ್ಪಲಿಲ್ಲ. 'ಬಹುದು' ಅಂದರೆ ಕಾವಲಿನವನ ಮರ್ಜಿ ಅಂತ ಅರ್ಥ ಎಂದು ಮತ್ತೆ ಬರೆದರು. ಈಗ ಹೊಸ ಫಲಕ ತೂಗುತ್ತಿತ್ತು: 'ಈ ಗೆರೆಗಿಂತ ಕುಳ್ಳಗಿರುವ ಮಕ್ಕಳೊಂದಿಗೆ ಬಂದವರು ಪಕ್ಕದ ಬಾಗಿಲಿನಿಂದಲೇ ಹೋಗತಕ್ಕದ್ದು.'

ಆದರೆ ಆಡಳಿತದವರು ಒಂದು ಕೊಕ್ಕೆ ಇಟ್ಟಿದ್ದರು. ಇದು ಪ್ರಯೋಗವಷ್ಟೇ, ಯಾರೂ ಬಳಸದಿದ್ದರೆ ಬಾಗಿಲು ಮುಚ್ಚುತ್ತೇವೆ ಅಂದಿದ್ದರು. ಬೆಳಗಿನಿಂದ ಆ ಬಾಗಿಲಿನತ್ತ ಒಬ್ಬರೂ ಸುಳಿದಿರಲಿಲ್ಲ. ಸಾಲಿನಲ್ಲಿ ನಿಂತವರ ಕೆಂಗಣ್ಣು ದಾಟಿ ಹೋಗುವ ಧೈರ್ಯ ಯಾವ ತಾಯಿತಂದೆಗೂ ಇರಲಿಲ್ಲ. ಗಂಡನನ್ನು ಎಳೆದುಕೊಂಡು ಕಾವಲಿಗೆ ಬಂದಿದ್ದ ಅರ್ಜಿಯಮ್ಮನ ಕಣ್ಣೆದುರೇ ಅವರ ಗೆಲುವು ತುಕ್ಕು ಹಿಡಿಯುತ್ತಿತ್ತು. ಈ ಮಹಾಶಯನೋ, ಫಲಕದ ಕೆಳಗೇ ನಿಂತು ಅಕ್ಷರ ಬಾರದವನಂತೆ ಮೋಡ ನೋಡುತ್ತಿದ್ದ.

ಅದೂ ಎಂಥ ಆಟಕ್ಕೆ? ಪುಟಾಣಿ ರೈಲು. ಒಂದು ಸುತ್ತು, ಒಂದು ಕೂಗು, ಇಳಿಯಿರಿ. ಇಡೀ ಪಾರ್ಕಿನಲ್ಲಿ ಇದರ ಸಾಲೇ ಉದ್ದ, ಇದರ ಆಟವೇ ಗಿಡ್ಡ.

"ಒಂದೇ ಆಟ ಅಲ್ವಾ ಅಪ್ಪ?" ಎಂದು ಮಗು ಕೇಳಿತು.

"ಒಂದೇ. ಅದಕ್ಕೇ ನೋಡಿ ನೋಡಿ ಇದನ್ನ ಆರಿಸಿದ್ದು."

ಜಿಪುಣ ಕೂಡ, ಎಂದುಕೊಂಡರು ಅರ್ಜಿಯಮ್ಮ.

ಅವನ ಮಾತಿಗೆ ಕೊನೆಯೇ ಇರಲಿಲ್ಲ. ಶಾಲೆಯಲ್ಲಿ ಯಾರ ಪಕ್ಕ ಕೂರುತ್ತೀಯ, ಟೀಚರ್ ಹೆಸರೇನು, ಊಟದಲ್ಲಿ ಏನು ಬಿಡುತ್ತೀಯ ಎಂದು ಸಂದರ್ಶನ ನಡೆಸಿದ್ದ. ಕತ್ತಲೆಂದರೆ ಈಗಲೂ ಭಯವೇ ಎಂದು ಕೇಳಿದ್ದಕ್ಕೆ, ಅದು ನಾನು ಚಿಕ್ಕವಳಿದ್ದಾಗ ಎಂದು ಗೆರೆಯ ಎತ್ತರಕ್ಕೂ ಬಾರದ ಆ ಮಗು ಗಂಭೀರವಾಗಿ ಉತ್ತರಿಸಿತು. ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು.

"ಮಗಳ ಟೀಚರ್ ಹೆಸರು ಗೊತ್ತಿಲ್ಲ ನೋಡಿ ಇವನಿಗೆ. ಎಲ್ಲಾ ಗಂಡಸರೂ ಒಂದೇ ಅಚ್ಚು," ಎಂದರು ಅರ್ಜಿಯಮ್ಮ ಗಂಡನ ಕಿವಿಯಲ್ಲಿ.

"ನನಗೆ ಗೊತ್ತಿತ್ತಪ್ಪ."

"ಏನಿತ್ತು ಹೇಳಿ ಹೆಸರು?"

"ಟೀಚರ್."

ಅರ್ಜಿಯಮ್ಮ ಗಂಡನನ್ನು ಅಲ್ಲೇ ಬಿಟ್ಟು ಆ ಮನುಷ್ಯನ ತೋಳು ತಟ್ಟಿದರು. ಫಲಕ ತೋರಿಸಿದರು, ಬಾಗಿಲು ತೋರಿಸಿದರು, ಇಂಥ ಬಾಗಿಲು ಸುಮ್ಮನೆ ತೆರೆಯಲಿಲ್ಲ ಎಂಬುದನ್ನೂ ಸೇರಿಸಿದರು. ಅವನು ವಿನಯದಿಂದ ಕೇಳಿಸಿಕೊಂಡ. ಇಷ್ಟು ಜನ ಕಾಯುತ್ತಿರುವಾಗ ನಾವು ನುಗ್ಗುವುದು ನ್ಯಾಯವಲ್ಲ, ನಮ್ಮ ಸರದಿ ಬಂದಾಗ ಬರಲಿ ಅಂದ. ನ್ಯಾಯದ ಪಾಠವನ್ನು ತನಗೇ ಹೇಳುತ್ತಾನಲ್ಲ ಎಂದು ಅರ್ಜಿಯಮ್ಮನ ದನಿ ಏರಿತು.

"ನಿಮಗೋಸ್ಕರ ಅಲ್ಲ ಸ್ವಾಮಿ. ಮಗುಗೋಸ್ಕರ."

"ನಾನೂ ಅದನ್ನೇ ಹೇಳ್ತಿರೋದಮ್ಮ. ದಯವಿಟ್ಟು ನಮ್ಮನ್ನ ಇಲ್ಲೇ ಬಿಟ್ಬಿಡಿ."

ಇಂಥ ಹಟಮಾರಿಗಳಿಂದಲೇ ಬಾಗಿಲು ಮುಚ್ಚುವುದು. ಅರ್ಜಿಯಮ್ಮ ಕೈಯೆತ್ತಿ ಕಾವಲಿನವನನ್ನು ಕರೆದರು. ಊರ ಉಸಾಬರಿ ನಮಗ್ಯಾಕೆ ಎಂದು ಗಂಡ ಗೊಣಗಿದ್ದು ಸೀಟಿಯ ಸದ್ದಿನಲ್ಲಿ ಮುಳುಗಿತು.

ಕಾವಲಿನವನು ಮಗುವನ್ನು ಕೆಳಗಿಳಿಸಿ ಗೆರೆಗೆ ನಿಲ್ಲಿಸಿ ನೋಡಿದ. "ಬೋರ್ಡ್ ಓದಿ ಸಾರ್. ತಕ್ಕದ್ದು ಅಂತಿದೆ. ನೀವಿಲ್ಲಿ ನಿಂತ್ರೆ ಬೈಸ್ಕೊಳ್ಳೋನು ನಾನು."

ಸಾಲಿನವರೂ ದನಿಗೂಡಿಸಿದರು. ಹೋಗ್ರೀ, ಪಾಪ ಮಗು ಬಾಡಿಹೋಗಿದೆ ಅಂದರು. ಬಾಡಿದ್ದವನು ಅಪ್ಪ, ಮಗುವಲ್ಲ. ಅವನು ಮುಂದೆ ಸುರುಳಿ ಸುತ್ತಿ ಮಲಗಿದ್ದ ಸಾಲನ್ನು ಒಮ್ಮೆ ಆಸೆಯಿಂದ ನೋಡಿದ, ತುಂಬಿದ ತಟ್ಟೆಯ ಮುಂದಿನಿಂದ ಎಬ್ಬಿಸಿದವನಂತೆ. ಮತ್ತೆ ಮಗಳನ್ನು ಹೆಗಲಿಗೇರಿಸಿಕೊಂಡು ಪಕ್ಕದ ಬಾಗಿಲು ಹೊಕ್ಕ. ಯಾರೋ ಚಪ್ಪಾಳೆ ತಟ್ಟಿದರು. ಅದು ತನಗೇ ಸಂದದ್ದೆಂದು ಅರ್ಜಿಯಮ್ಮ ತಲೆಬಾಗಿದರು.

ಅವನ ಹಿಂದೆಯೇ ಇನ್ನೊಂದು ಸಂಸಾರ ಧೈರ್ಯ ಮಾಡಿತು, ಅದರ ಹಿಂದೆ ಮತ್ತೊಂದು. ಬಾಗಿಲು ಉಳಿಯಿತು.

ರೈಲು ಕೂಗಿತು, ಸುತ್ತಿತು, ನಿಂತಿತು. ಅಷ್ಟರಲ್ಲಿ ಅರ್ಜಿಯಮ್ಮ ನಾಲ್ಕು ಹೆಜ್ಜೆಯೂ ಸರಿದಿರಲಿಲ್ಲ. ಹೊರಬರುವ ದಾರಿ ಅವರ ಪಕ್ಕದ ಕಂಬಿಯಾಚೆಗೇ ಇತ್ತು. ಅಪ್ಪ ಮಗಳು ಬರುವುದನ್ನು ಕಂಡು, ಒಂದು ಧನ್ಯವಾದವಾದರೂ ಹೇಳಿಯಾನು ಎಂದು ಮುಖ ಅರಳಿಸಿ ನಿಂತರು. ಅವನು ಇತ್ತ ನೋಡಲಿಲ್ಲ. ಅಲ್ಲಿನ ಬೆಂಚಿನಲ್ಲಿ ಹೆಂಗಸೊಬ್ಬಳು ದಪ್ಪ ಪುಸ್ತಕವೊಂದನ್ನು ಆಗಷ್ಟೇ ತೆರೆದು ಕೂತಿದ್ದಳು. ಇಷ್ಟು ಬೇಗ ಬಂದರಲ್ಲ ಎಂಬ ಆಶ್ಚರ್ಯದಿಂದ ಎದ್ದಳು. ಮಗು "ಅಮ್ಮಾ" ಎಂದು ಅವಳತ್ತ ಕೈ ಚಾಚಿತು. ಅವನು ಹೆಗಲಿನಿಂದ ಇಳಿಸಲಿಲ್ಲ.

"ಒಂದು ಆಟ ಮುಗಿಯೋವರೆಗೆ ಮಗು ನಿಮ್ಮ ಹತ್ರ ಅಂತ ತಾನೆ ಕೋರ್ಟಲ್ಲಿ ಒಪ್ಕೊಂಡಿದ್ದು," ಎಂದಳು ಅವಳು, ಗದರದೆ. "ಮುಗೀತಲ್ಲ, ಕೊಡಿ. ಇನ್ನು ಬರೋ ವರ್ಷ."