ಅತ್ತೆಯ ಕೋಣೆಯ ಹೀಟರು

"ಅತ್ತೆ, ನಾಳೆ ಒಂದು ಸಂಜೆ ಮಟ್ಟಿಗೆ ನಿಮ್ಮ ಹೀಟರ್ ಬೇಕಿತ್ತು," ಎಂದರು ಹಲ್ಲಿನ ಡಾಕ್ಟರು, ಅತ್ತೆಯ ಮಂಚದ ಪಕ್ಕ ಮಂಡಿಯೂರಿ. ದಿನವಿಡೀ ಕಂಡವರ ಬಾಯಿ ತೆರೆಸುವ ಮನುಷ್ಯನಿಗೆ ಇದೊಂದು ಮಾತಿಗೆ ತನ್ನ ಬಾಯಿ ತೆರೆಯಲು ವಾರ ಹಿಡಿದಿತ್ತು.

ಅತ್ತೆ ಹೀಟರಿನ ಬೆನ್ನಿಗೆ ಚಾಚಿದ್ದ ಕಾಲನ್ನು ಒಂದಿಂಚೂ ಕದಲಿಸಲಿಲ್ಲ. "ಒಯ್ದುಬಿಟ್ರೆ ನನ್ನ ಕಾಲಿನ ಗತಿ ಏನು, ಅಳಿಯಂದಿರೇ?"

ಅದು ಹೀಟರೇ ಅಲ್ಲ ಎನ್ನುವುದು ಡಾಕ್ಟರ ಪೀಕಲಾಟ. ಅವರ ಬಳಿ ಎರಡು ಎಲೆಕ್ಟ್ರಿಕ್ ಗಿಟಾರ್. ಕೆಂಪನೆಯದರ ಸ್ವರ ತೆಳು, ಚುರುಕು. ಅದಕ್ಕೆ ಸ್ಟೂಲಿನ ಮೇಲೆ ಕೂರುವಷ್ಟು ಪುಟ್ಟ ಆ್ಯಂಪ್ಲಿಫೈಯರ್, ಅಂದರೆ ಸದ್ದು ಹೆಚ್ಚಿಸುವ ಪೆಟ್ಟಿಗೆ, ಸಾಕು, ಮನೆಯೊಳಗೆ ಮೆಲ್ಲಗೆ ನುಡಿಸಿದರೂ ಸೊಗಸು. ಕಂದು ಬಣ್ಣದ್ದು ಹೊಟ್ಟೆ ಟೊಳ್ಳಾಗಿರುವ ಗಂಭೀರ ಗಿಟಾರ್. ವೇದಿಕೆಯ ಮೇಲೆ ಡ್ರಮ್ ಬಾರಿಸುವವನ ಎದುರು ಅದರ ಮಾನ ಉಳಿಯಬೇಕಾದರೆ ದೊಡ್ಡ ಪೆಟ್ಟಿಗೆಯೇ ಆಗಬೇಕು. ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಿದಾಗ ಆಕೆ, "ಈ ಮನೇಲಿ ಸದ್ದು ಮಾಡೋ ಪೆಟ್ಟಿಗೆ ಒಂದೇ ಇರಬೇಕು," ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಆದರೂ ದೊಡ್ಡದು ಬಂತು. ಆಸೆ ಯಾರಪ್ಪನ ಮಾತು ಕೇಳುತ್ತದೆ?

ಬಂದ ದಿನ ಡಾಕ್ಟರು ಬಾಗಿಲಲ್ಲೇ ಸಿಕ್ಕಿಬಿದ್ದರು. "ಏನ್ರೀ ಅದು?" ಎಂದಳು ಹೆಂಡತಿ. ಪೆಟ್ಟಿಗೆಯ ಬೆನ್ನೊಳಗೆ ಗಾಜಿನ ಟ್ಯೂಬುಗಳು ಕಾದು ಕೆಂಡದ ಹಾಗೆ ಹೊಳೆಯುವುದು ನೆನಪಾಗಿ, ಬಾಯಿಗೆ ಬಂದ ಸುಳ್ಳನ್ನು ಹಾಗೇ ಹೇಳಿಬಿಟ್ಟರು. "ಹೀಟರು. ಅತ್ತೆಗೆ ಅಂತ ತಂದೆ." ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಆ ಗಳಿಗೆಯಿಂದ ಡಾಕ್ಟರು ಮನೆಯಲ್ಲಿ ದೇವರಂಥ ಮನುಷ್ಯ, ಪೆಟ್ಟಿಗೆ ಅತ್ತೆಯ ಕೋಣೆಯಲ್ಲಿ. ಈಗ ನೋಡಿದರೆ ನಾಳೆಯೇ ಹಲ್ಲಿನ ಡಾಕ್ಟರುಗಳ ಸಂಘದ ಕಾರ್ಯಕ್ರಮ. ಐವತ್ತು ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ವೇದಿಕೆ ಹತ್ತುವ ಯೋಗ ಬಂದಿತ್ತು, ಪೆಟ್ಟಿಗೆ ಮಾತ್ರ ಮುದುಕಿಯ ಕಾಲ ಬುಡದಲ್ಲಿತ್ತು.

"ಇದರ ಬದಲು ನನ್ನ ಆ ಪುಟ್ಟ ಗಿಟಾರ್ ಪೆಟ್ಟಿಗೆ ಇಟ್ಟು ಹೋಗ್ತೀನಿ ಅತ್ತೆ. ಅದೂ ಬಿಸಿಯಾಗುತ್ತೆ."

"ಅದನ್ನೂ ನೋಡಿದ್ದೀನಿ. ನೀವು ಕ್ಲಿನಿಕ್ಕಿಗೆ ಹೋದಾಗ ತರಿಸಿಕೊಂಡಿದ್ದೆ. ಹೆಬ್ಬೆರಳು ಬೆಚ್ಚಗಾಗುತ್ತೆ, ಅಷ್ಟೇ. ಕಾಲುಚೀಲ ಹಾಕ್ಕೊಂಡ ದಿನಕ್ಕೆ ಅದು ಹೇಳಿ ಮಾಡಿಸಿದ್ದು. ಮೊಣಕಾಲು ಹಿಡ್ಕೊಂಡ ದಿನ ದೊಡ್ಡದೇ ಬೇಕು. ಒಂದೊಂದು ನೋವಿಗೆ ಒಂದೊಂದು ಪೆಟ್ಟಿಗೆ. ಒಂದರ ಕೆಲಸ ಇನ್ನೊಂದಕ್ಕೆ ಬರಲ್ಲ."

ನೋವು ಎಂಬಲ್ಲಿ ಗಿಟಾರ್ ಎಂದಿದ್ದರೆ ಥೇಟ್ ಡಾಕ್ಟರದೇ ಮಾತು. ಇಷ್ಟು ವರ್ಷದಲ್ಲಿ ತಮ್ಮನ್ನು ಈ ಮನೆಯಲ್ಲಿ ಯಾರಾದರೂ ಅರ್ಥ ಮಾಡಿಕೊಂಡಿದ್ದರೆ ಅದು ಈ ಮುದುಕಿ ಒಬ್ಬಳೇ ಎನ್ನಿಸಿ, ಸುಳ್ಳು ಹೇಳಲು ನಾಚಿಕೆಯಾಯಿತು.

"ಅತ್ತೆ, ಅದು ಹೀಟರಲ್ಲ."

"ಹುಚ್ಚುಚ್ಚಾಗಿ ಮಾತಾಡಬೇಡಿ. ನನ್ನ ಕಾಲಿಗಿಂತ ನಿಮಗೆ ಹೆಚ್ಚು ಗೊತ್ತಾ?"

ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಎಂದು ಡಾಕ್ಟರು ಎದ್ದು ಹೋಗಿ ಕಂದು ಗಿಟಾರನ್ನು ಕೊರಳಿಗೆ ಹಾಕಿಕೊಂಡು ಬಂದರು. ವೈರಿನ ಒಂದು ತುದಿ ಗಿಟಾರಿಗೆ, ಇನ್ನೊಂದು ತುದಿ ಹೀಟರಿಗೆ. ಎಲ್ಲ ಸರಿ, ಸದ್ದು ಏರಿಸುವ ಗುಂಡಿಗಳ ಕಡೆ ಮಾತ್ರ ನೋಡಲಿಲ್ಲ. ಚಳಿ ಹೆಚ್ಚಾದಾಗಲೆಲ್ಲ ಅತ್ತೆ ಶಾಖ ಹೆಚ್ಚಲಿ ಎಂದು ಅವನ್ನು ಒಂದೊಂದಾಗಿ ತಿರುಗಿಸುತ್ತ ಬಂದು, ಈಗ ಅಷ್ಟೂ ಗುಂಡಿಗಳು ಕೊನೆ ಮುಟ್ಟಿದ್ದವು. ಗಿಟಾರಿಲ್ಲದ ಪೆಟ್ಟಿಗೆ ಗುಂಯ್ ಎನ್ನುವುದು ಬಿಟ್ಟು ಇನ್ನೇನು ಹೇಳೀತು? ಆ ಗುಂಯ್ ಕೂಡ ಅತ್ತೆಗೆ ಜೋಗುಳವಾಗಿತ್ತು.

ಡಾಕ್ಟರು ಆರೂ ತಂತಿಗಳ ಮೇಲೆ ಧೈರ್ಯವಾಗಿ ಕೈ ಎಳೆದರು.

ಗುಳಿಗೆ ಬಾಟಲಿ ಮೇಜಿನಿಂದ ತಾನಾಗಿ ನಡೆದುಹೋಗಿ ಕೆಳಗೆ ಬಿತ್ತು. ತೀರಿಹೋದ ಮಾವನವರ ಫೋಟೊ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿತು. ಕಿಟಕಿಯ ಗಾಜು ಬಹಳ ಹೊತ್ತು ನಡುಗುತ್ತಲೇ ಇತ್ತು. ಅತ್ತೆ ಇದ್ದಾರೋ ಹೋದರೋ ಎಂದು ಡಾಕ್ಟರು ಬಗ್ಗಿ ನೋಡಿದರೆ, ಅಳಿಯನೇ ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಪೂರ್ತಿ ಕಾಣುವ ಹಾಗೆ ಆಕೆ ಬಾಯಿ ತೆರೆದು ಕೂತಿದ್ದರು. ನಗುತ್ತಿದ್ದರು.

"ನಾಳೆ ಎಷ್ಟು ಹೊತ್ತಿಗೆ?" ಎಂದರು. "ನಾನೂ ಬರ್ತೀನಿ. ಇದರ ಹಿಂದೆ ನನಗೊಂದು ಕುರ್ಚಿ ಹಾಕಿಸಿ."

ಅಷ್ಟರಲ್ಲಿ ಹೊರಬಾಗಿಲ ಕಡೆಯಿಂದ ಹೆಂಡತಿ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತಳು. "ಏನಮ್ಮಾ ಅದು ಸದ್ದು?"

ಡಾಕ್ಟರು ಕಣ್ಣು ಮುಚ್ಚಿಕೊಂಡರು. ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಹೇಳಿದರು. "ಹೀಟರು ಬರೀ ಕಾಲು ಕಾಯಿಸ್ತಿತ್ತು ಕಣೇ. ಅಳಿಯಂದಿರು ರಿಪೇರಿ ಮಾಡಿದ್ರು. ಈಗ ಎದೆವರೆಗೂ ಬರುತ್ತೆ."

ಹೆಂಡತಿ ಗಂಡನ ಕೊರಳಲ್ಲಿದ್ದ ಗಿಟಾರನ್ನು ನೋಡಿದಳು. ಅಲ್ಲಿಂದ ಹೊರಟ ವೈರಿನ ಜಾಡು ಹಿಡಿದು ನಿಧಾನವಾಗಿ ಹೀಟರಿನ ತನಕ ಬಂದಳು. ಮತ್ತೆ ಗಂಡನ ಮುಖ ನೋಡಿದಳು.

"ಪಕ್ಕದ ಮನೆಯವರಿಗೂ ಬೆಚ್ಚಗಾಯ್ತಂತೆ," ಎಂದಳು. "ಮನೆಮಂದಿಯೆಲ್ಲ ಬಂದು ಹೊರಗೆ ನಿಂತಿದ್ದಾರೆ. ನೀವೇ ಹೋಗಿ, ಹೀಟರು ಅಂತ ಹೇಳಿ ಬನ್ನಿ."