ಮೂರು ಬೆರಳಿನ ಬಲೆ

ಸೊಸೆ ಹೆಣೆದ ಹೊಸ ಬಲೆಯ ಕಣ್ಣಿನಲ್ಲಿ ಮಾವನ ಮೂರು ಬೆರಳು ತೂರಲಿಲ್ಲ. ಮೂರು ಬೆರಳು ತೂರದ ಬಲೆಯನ್ನು ನೀರಿಗೆ ಇಳಿಸಕೂಡದೆಂಬುದು ಅವರೇ ಮಾಡಿದ ಕಟ್ಟಳೆ. ಎರಡು ಬೆರಳು ಇಟ್ಟು ನೋಡಿದರು. ಅವೂ ಹೋಗಲಿಲ್ಲ. ಸೊಸೆ ತಲೆ ತಗ್ಗಿಸಿದಳು.

“ಇದರಲ್ಲಿ ಇನ್ನೂ ಮೊಟ್ಟೆ ಇಡದ ಮರಿಗಳೂ ಬಂದುಬಿಡ್ತಾವಲ್ಲೋ,” ಎಂದರು ಮಗನಿಗೆ.

“ದೊಡ್ಡ ಮೀನು ಎಲ್ಲಿದೆ ಅಪ್ಪಾ? ಕೆರೆ ನೀರು ಸ್ನಾನದ ನೀರಿನ ಹಾಗೆ ಬೆಚ್ಚಗಾಗಿ ಕೂತಿದೆ, ಮೀನು ಬೆಳೆಯೋದೇ ಇಲ್ಲ. ನಾವು ಬಿಟ್ಟ ಮರಿ ಪಕ್ಕದ ದೋಣಿಯವನ ಬಲೆಗೆ ಬೀಳುತ್ತೆ, ಅಷ್ಟೇ,” ಎಂದ ಅವಳ ಗಂಡ.

ಮಾವ ಹಟ ಬಿಡದೆ ಕಿರುಬೆರಳನ್ನು ತುರುಕಿದರು. ಅದೇನೋ ಹೋಯಿತು, ಆದರೆ ಊದಿದ ಗೆಣ್ಣು ಸಿಕ್ಕಿಕೊಂಡು ವಾಪಸು ಬರಲೊಲ್ಲದು. ಎಳೆದಷ್ಟೂ ನೂಲು ಬಿಗಿಯಿತು, ಬೆರಳ ತುದಿ ಕೆಂಪೇರಿತು. ಸೊಸೆ ಓಡಿಹೋಗಿ ಕತ್ತರಿ ತಂದಳು. ಅವಳಿಗೆ ಒಳಗೊಳಗೇ ಸಮಾಧಾನ: ಈ ಒಂದು ಕಣ್ಣು ಹರಿದರೆ, ನಾಳೆ ಒಂದು ಮರಿಯಾದರೂ ನುಸುಳಿ ಹೋದೀತು.

ಮಾವ ಇನ್ನೊಂದು ಕೈಯಿಂದ ಅವಳ ಮಣಿಕಟ್ಟು ಹಿಡಿದರು.

“ಕತ್ತರಿಸಬೇಡಮ್ಮಾ,” ಎಂದರು, ಯಾರ ಮುಖವನ್ನೂ ನೋಡದೆ. “ಬೆಳಗ್ಗೆ ನೀರಿಗೆ ಬಿಡಬೇಕಲ್ಲ. ಒಂಚೂರು ಎಣ್ಣೆ ತಗೊಂಡು ಬಾ.”