ನಡುವಿನ ಕೊಡೆ

ಹೇಳಿದರೆ ನಂಬುವುದಿಲ್ಲ, ಆದರೂ ಇದು ನಡೆದದ್ದೇ. ಹತ್ತಕ್ಕೆ ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಸಂಚಾರಿ ಪೇದೆ ರಾಚಪ್ಪ ಸರ್ಕಲ್ಲಿನ ನಡುವೆ ನೆಟ್ಟ ದೊಡ್ಡ ಕೊಡೆಯ ಕೆಳಗಿರಬೇಕಿತ್ತು. ಕಾಲು ಗಂಟೆಯಿಂದ ಫುಟ್‌ಪಾತಿನಲ್ಲೇ ಇದ್ದ. ಕಾಲು ಕೆಳಗಿಟ್ಟರೆ ಬಸ್ಸು, ಬಸ್ಸಿನ ಹಿಂದೆ ಆಟೊ. ಸುತ್ತು ಹಾಕುವ ವಾಹನ ಒಂದೂ ನಿಲ್ಲಲಿಲ್ಲ.

"ನೀವೇ ಪೊಲೀಸ್ನೋರು, ಕೈ ತೋರ್ಸಿ ಸಾರ್," ಎಂದಳು ಪಕ್ಕದಲ್ಲಿ ಬುಟ್ಟಿ ಹೊತ್ತು ನಿಂತಿದ್ದ ಸೊಪ್ಪಿನವಳು.

"ಅಲ್ಲಿ ನಿಂತು ತೋರ್ಸಿದ್ರೇ ನೋಡಲ್ಲ ಕಣಮ್ಮ. ಇಲ್ಲಿಂದ ಯಾರು ನೋಡ್ತಾರೆ?"

ಅಷ್ಟರಲ್ಲಿ ಆಂಬುಲೆನ್ಸಿನ ಕೂಗು ಕೇಳಿಸಿತು. ವಾಹನಗಳು ಗಕ್ಕನೆ ನಿಂತವು. ರಾಚಪ್ಪ ಎರಡೂ ಕೈ ಚಾಚಿಕೊಂಡು ನಡುವಿಗೆ ಓಡಿ, ದಾರಿ ಬಿಡಿಸಿ ಕಾದ. ಸೊಪ್ಪಿನವಳು ನಿಧಾನವಾಗಿ ದಾಟಿದಳು. ಆಂಬುಲೆನ್ಸ್ ಮಾತ್ರ ಬರಲಿಲ್ಲ.

ಅವಳ ಹಿಂದೆಯೇ ದಾಟಿದ ಕಾಲೇಜು ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಅದೇ ಕೂಗನ್ನು ಇನ್ನೊಮ್ಮೆ ಕೂಗಿ ತೋರಿಸಿದಳು. ಜನ ಗೊಳ್ಳೆಂದು ನಕ್ಕರು. ಪೆಚ್ಚಾದ ರಾಚಪ್ಪ ತಲೆಯೆತ್ತಿದರೆ, ಮೇಲೆ ಕೊಡೆ. ಅವನು ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟ.

"ಸಂಜೆ ಆರಕ್ಕೂ ಬಂದ್ಬಿಡು ತಾಯಿ," ಎಂದು ಅಲ್ಲಿಂದಲೇ ಆ ಹುಡುಗಿಗೆ ಕೂಗಿ ಹೇಳಿದ. "ನಾನು ಮನೆಗೆ ಹೋಗ್ಬೇಕು."